ಚೆಫನ್ಯ 3:17ರ ವಾಗ್ದಾನ ಸಿಕ್ಕಿದವರು ಮೊದಲ ಅಧ್ಯಾಯವನ್ನು ಹೇಗೆ ಓದಬೇಕು?

ನಿಮ್ಮ ಪ್ರಶ್ನೆ ನನಗೆ ತುಂಬಾ ಹತ್ತಿರದ್ದು. ಡಿಸೆಂಬರ್ 31ರ ರಾತ್ರಿ ಆರಾಧನೆಯಲ್ಲಿ ನಿಮಗೆ ವಾಗ್ದಾನ ಕಾರ್ಡ್, ಅಂದರೆ ಬೈಬಲಿನ ಒಂದು ವಚನ ಬರೆದ ಕಾರ್ಡ್ ಬಂತು. ಅದರಲ್ಲಿದ್ದದ್ದು ಪ್ರವಾದಿ ಚೆಫನ್ಯನ ಪುಸ್ತಕದ 3:17, ಅಂದರೆ ಮೂರನೇ ಅಧ್ಯಾಯದ ಹದಿನೇಳನೇ ವಚನ. ದೇವರು ನಿನ್ನ ನಡುವೆ ಇದ್ದಾನೆ, ನಿನ್ನ ವಿಷಯದಲ್ಲಿ ಸಂತೋಷಪಟ್ಟು ಹಾಡುತ್ತಾನೆ ಅನ್ನೋ ವಚನ. ಖುಷಿಯಿಂದ ಮನೆಗೆ ಬಂದು ಮೊದಲಿಂದ ಓದಲು ಕೂತರೆ ಎರಡನೇ ವಚನದಲ್ಲೇ ಭೂಮಿಯ ಮೇಲಿನದ್ದನ್ನೆಲ್ಲ ಅಳಿಸಿಬಿಡುತ್ತೇನೆ ಅಂತಿದೆ. ಇವರಿಬ್ಬರೂ ಒಬ್ಬನೇ ದೇವರಾ, ಈ ವಾಗ್ದಾನ ನನಗೆ ಸೇರುತ್ತಾ ಅಂತ ಕೇಳಿದ್ದೀರಿ.

ಒಬ್ಬನೇ ದೇವರು. ನನಗೆ ಇದು ಉಲ್ಟಾ ಆಗಿತ್ತು. ಹದಿನೈದು ವರ್ಷದವನಿದ್ದಾಗ ಒಂದು ಉಜ್ಜೀವನ ಕೂಟದಲ್ಲಿ ಬೋಧಕರು ಮೊದಲ ಅಧ್ಯಾಯ ಮಾತ್ರ ಓದಿ, ಕತ್ತಲಿನ ದಿನ, ಕಾರ್ಮೋಡದ ದಿನ, ಕೊಂಬೂದುವ ದಿನ ಅಂತ ಕೂಗಿ ಕೂಗಿ ಹೇಳಿದರು. ವಾರಗಟ್ಟಲೆ ನಿದ್ದೆ ಬರಲಿಲ್ಲ. ಮೂರನೇ ಅಧ್ಯಾಯ ಅಂತ ಒಂದಿದೆ ಅಂತ ಯಾರೂ ಹೇಳಲಿಲ್ಲ. ಮಕ್ಕಳಿಗೆ ಹಾಗೆ ಮಾಡಬಾರದು. ಹಾಗೆಯೇ ಕೊನೆಯ ಸಿಹಿ ತುಂಡನ್ನು ಮಾತ್ರ ಕತ್ತರಿಸಿ ಕೈಗಿಡೋದೂ ಸರಿಯಲ್ಲ ಅಂತ ಈಗ ಅನ್ನಿಸುತ್ತದೆ.

ಮೊದಲು ಕಾಲ ಗೊತ್ತಿರಬೇಕು. ಚೆಫನ್ಯ ಮಾತಾಡಿದ್ದು ಯೆಹೂದದ ಅರಸ ಯೋಷೀಯನ ಕಾಲದಲ್ಲಿ, ಅಂದರೆ ಸುಮಾರು ಕ್ರಿ.ಪೂ. 640ರಿಂದ 609ರ ಒಳಗೆ. ಅದಕ್ಕೂ ಮುಂಚೆ ಯೋಷೀಯನ ಅಜ್ಜ ಮನಸ್ಸೆ 55 ವರ್ಷ ಆಳಿದ್ದ. ಅವನು ನಿರಪರಾಧಿಗಳ ರಕ್ತವನ್ನು ಯೆರೂಸಲೇಮಿನ ತುಂಬ ಹರಿಸಿದ ಅಂತ ಎರಡನೆಯ ಅರಸುಗಳ ಪುಸ್ತಕ ಹೇಳುತ್ತದೆ. ಮನೆ ಮಾಳಿಗೆಗಳ ಮೇಲೆ ನಕ್ಷತ್ರಗಳಿಗೆ ಅಡ್ಡಬೀಳುವುದು, ಯೆಹೋವನ ಹೆಸರಲ್ಲೂ ಆಣೆ, ಇನ್ನೊಂದು ದೇವರ ಹೆಸರಲ್ಲೂ ಆಣೆ. ಚೆಫನ್ಯನ ವಂಶಾವಳಿ ನಾಲ್ಕು ತಲೆಮಾರು ಹಿಂದಕ್ಕೆ, ಹಿಜ್ಕೀಯನವರೆಗೆ ಹೋಗುತ್ತದೆ. ಆ ಹಿಜ್ಕೀಯ ಮನಸ್ಸೆಯ ತಂದೆಯಾದ ಅರಸ ಹಿಜ್ಕೀಯನೇ ಆಗಿದ್ದರೆ (ಪುಸ್ತಕ ಅದನ್ನು ಬಿಡಿಸಿ ಹೇಳೋದಿಲ್ಲ), 1:8ರಲ್ಲಿ ರಾಜಕುಮಾರರ ಮೇಲೆ ಶಿಕ್ಷೆ ಬರುತ್ತದೆ ಅನ್ನುವಾಗ ಚೆಫನ್ಯ ತನ್ನ ಸ್ವಂತ ಮನೆತನದವರಿಗೇ ಹೇಳುತ್ತಿದ್ದಾನೆ.

ಈಗ 1:12ಕ್ಕೆ ಬನ್ನಿ, ಅಲ್ಲಿ ನಿಧಾನಿಸಿ. ದೇವರು ದೀಪ ಹಿಡಿದು ಯೆರೂಸಲೇಮನ್ನು ಹುಡುಕುತ್ತಾನೆ. ಆ ಕಾಲದ ದೀಪ ಅಂದರೆ ಅಂಗೈಯಲ್ಲಿ ಕೂರುವಷ್ಟು ಚಿಕ್ಕ ಮಣ್ಣಿನ ಹಣತೆ, ಒಂದು ಕಡೆ ಅಂಚನ್ನು ಚಿವುಟಿ ಬತ್ತಿಗೆ ಬಾಯಿ ಮಾಡಿರುತ್ತಾರೆ, ಒಳಗೆ ಆಲಿವ್ ಎಣ್ಣೆ. ಕೋಣೆ ಪೂರ್ತಿ ಬೆಳಗುವಷ್ಟು ಬೆಳಕು ಅದರಿಂದ ಬರೋದಿಲ್ಲ. ಬಗ್ಗಬೇಕು, ಮೂಲೆಗೆ ಹಿಡಿಯಬೇಕು, ಪಾತ್ರೆ ಸರಿಸಿ ಹಿಂದೆ ನೋಡಬೇಕು. ಹಾಗೆ ಯಾರನ್ನು ಹುಡುಕುತ್ತಾನೆ? ಗಸಿಯ ಮೇಲೆ ಹೆಪ್ಪುಗಟ್ಟಿ ಕೂತವರನ್ನು. ದ್ರಾಕ್ಷಾರಸವನ್ನು ಪಾತ್ರೆಯಿಂದ ಪಾತ್ರೆಗೆ ಸುರಿಯದೆ ಹಾಗೇ ಬಿಟ್ಟರೆ ಅದು ತನ್ನ ಗಸಿಯ ಮೇಲೇ ಕೂತು ಮಂದವಾಗುತ್ತದೆ. ಇವರೂ ಹಾಗೇ, ಅಲುಗಾಡಿದವರೇ ಅಲ್ಲ. ಇವರು ದೇವರಿಲ್ಲ ಅಂತ ಹೇಳಿಲ್ಲ. 'ಯೆಹೋವನು ಒಳ್ಳೇದನ್ನೂ ಮಾಡಲ್ಲ, ಕೆಟ್ಟದ್ದನ್ನೂ ಮಾಡಲ್ಲ' ಅಂತ ಮನಸ್ಸಲ್ಲೇ ಅಂದುಕೊಂಡು ತಮ್ಮ ವ್ಯಾಪಾರ, ಮನೆ, ದ್ರಾಕ್ಷಿತೋಟ ನೋಡಿಕೊಂಡಿದ್ದಾರೆ ಅಷ್ಟೇ. ಪ್ರತಿ ಭಾನುವಾರ ತಪ್ಪದೆ ಸಭೆಗೆ ಹೋಗುವ ನನ್ನನ್ನು ಈ ವಚನ ಚುಚ್ಚಿದಷ್ಟು ಇನ್ಯಾವುದೂ ಚುಚ್ಚಿಲ್ಲ.

ಇದನ್ನು ಓದಿದಾಗಲೆಲ್ಲ ನನಗೆ ಲೂಕ 15ರಲ್ಲಿ ಯೇಸು ಹೇಳಿದ ಸಾಮ್ಯದ ಹೆಂಗಸು ನೆನಪಾಗುತ್ತಾಳೆ. ಅವಳೂ ದೀಪ ಹಚ್ಚುತ್ತಾಳೆ, ಮನೆ ಗುಡಿಸುತ್ತಾಳೆ, ಕಳೆದುಹೋದ ಒಂದೇ ಒಂದು ನಾಣ್ಯಕ್ಕೋಸ್ಕರ. ಯೇಸು ಚೆಫನ್ಯನನ್ನು ಮನಸ್ಸಲ್ಲಿಟ್ಟುಕೊಂಡೇ ಹೇಳಿದ ಅಂತ ನಾನು ಹೇಳ್ತಿಲ್ಲ. ಆದರೆ ಎರಡೂ ಕಡೆ ದೀಪ ಹಿಡಿದ ಕೈ ಒಂದೇ ಅಂತ ನಂಬಿದ್ದೇನೆ.

ಎರಡನೇ ಅಧ್ಯಾಯದಲ್ಲಿ ಶಿಕ್ಷೆಯ ಮಾತು ಶತ್ರುಗಳ ಕಡೆಗೆ ತಿರುಗುತ್ತದೆ: ಗಾಜಾ, ಅಷ್ಕೆಲೋನ್, ಮೋವಾಬ್, ಅಶ್ಶೂರದ ರಾಜಧಾನಿ ನಿನೆವೆ ಎಲ್ಲ ಬರುತ್ತವೆ. ಯೆರೂಸಲೇಮಿನವರಿಗೆ ಕೇಳಲು ಹಿತವಾಗಿದ್ದಿರಬೇಕು. ಮೂರನೇ ಅಧ್ಯಾಯ ಶುರುವಾಗುವುದೇ 'ಹಿಂಸಿಸುವ ಪಟ್ಟಣಕ್ಕೆ ಅಯ್ಯೋ' ಅಂತ. ಇದೂ ನಿನೆವೆಯೇ ಅಂದುಕೊಂಡು ಕೇಳುತ್ತಿದ್ದರೆ, ಒಂದೆರಡು ವಚನದೊಳಗೆ ಅದು ಯೆರೂಸಲೇಮೇ ಅಂತ ಗೊತ್ತಾಗುತ್ತದೆ. ನಿನೆವೆ ಬಿದ್ದದ್ದು ಕ್ರಿ.ಪೂ. 612ರಲ್ಲಿ, ಯೆರೂಸಲೇಮ್ 586ರಲ್ಲಿ.

ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಈ ಮೂರನೇ ಅಧ್ಯಾಯದಲ್ಲೇ. ಒಂದು ಪೆನ್ಸಿಲ್ ತಗೊಂಡು 'ಮಧ್ಯದಲ್ಲಿ', 'ನಡುವೆ' ಅಂತ ಬಂದಲ್ಲೆಲ್ಲ ಗೆರೆ ಎಳೆಯಿರಿ. 3:3ರಲ್ಲಿ ಪಟ್ಟಣದ ನಡುವೆ ಇರುವ ಅಧಿಕಾರಿಗಳು ಗರ್ಜಿಸುವ ಸಿಂಹಗಳು, ನ್ಯಾಯಾಧೀಶರು ಸಂಜೆಯ ತೋಳಗಳು. 3:5ರಲ್ಲಿ ಅದೇ ಪಟ್ಟಣದ ನಡುವೆ ಯೆಹೋವನೂ ಇದ್ದಾನೆ, ಬೆಳಗಾಗುತ್ತಲೇ ದಿನಾ ನ್ಯಾಯ ತೋರಿಸುತ್ತಾನೆ. 3:11ರಲ್ಲಿ ನಡುವಿನಿಂದ ಸೊಕ್ಕಿನವರನ್ನು ತೆಗೆದುಹಾಕುತ್ತಾನೆ. 3:12ರಲ್ಲಿ ನಡುವೆ ಬಡವರನ್ನು, ದೀನರನ್ನು ಉಳಿಸುತ್ತಾನೆ. 3:15ರಲ್ಲಿ ಇಸ್ರಾಯೇಲಿನ ಅರಸನಾದ ಯೆಹೋವ ನಡುವೆ ಇದ್ದಾನೆ, ಇನ್ನು ಹೆದರಬೇಕಿಲ್ಲ. ಆಮೇಲೆ ನಿಮ್ಮ ಕಾರ್ಡಿನ 3:17. ಐದನೇ ವಚನದಲ್ಲಿ ನಡುವೆ ನಿಂತವನೇ ಹದಿನೇಳರಲ್ಲಿ ನಡುವೆ ನಿಂತು ಹಾಡುತ್ತಾನೆ. ಅವನು ಎಲ್ಲಿಗೂ ಹೋಗಿ ಬಂದಿಲ್ಲ. ತೋಳಗಳ ಕೈಗೆ ಸಿಕ್ಕ ಬಡವರಿಗೆ ತೋಳಗಳು ಹೋಗದೆ ರಕ್ಷಣೆ ಎಲ್ಲಿಂದ ಬರಬೇಕು, ಹೇಳಿ?

ಕ್ರೈಸ್ತರಾಗಿ ನಾವು ಇದನ್ನು ಯೇಸುವಿನ ಕಡೆಗೆ ಓದುತ್ತೇವೆ, ಅದಕ್ಕೆ ಆಧಾರವೂ ಇದೆ. ಯೋಹಾನ 12ರಲ್ಲಿ ಯೇಸು ಕತ್ತೆಮರಿಯ ಮೇಲೆ ಬರುವಾಗ ಜನ ಅವನನ್ನು 'ಇಸ್ರಾಯೇಲಿನ ಅರಸ' ಅನ್ನುತ್ತಾರೆ, ಯೋಹಾನ 'ಚೀಯೋನ್ ಕುಮಾರಿಯೇ, ಹೆದರಬೇಡ' ಅಂತ ಬರೆಯುತ್ತಾನೆ (ಚೀಯೋನ್ ಅಂದರೆ ಯೆರೂಸಲೇಮೇ). ಕತ್ತೆಮರಿಯ ಮಾತು ಜೆಕರ್ಯ 9:9ರದ್ದು, ಆದರೆ ಅಲ್ಲಿ 'ಹೆದರಬೇಡ' ಇಲ್ಲ, 'ಉಲ್ಲಾಸಪಡು' ಅಂತಿದೆ. ಚೀಯೋನಿಗೆ 'ಹೆದರಬೇಡ' ಅನ್ನುವುದು, ಅರಸ ನಿನ್ನ ನಡುವೆ ಇದ್ದಾನೆ ಅನ್ನುವುದು, ಎರಡೂ ಚೆಫನ್ಯ 3:15-16ರಲ್ಲಿವೆ. ಆದರೂ ಈ ಮಾತು ಮೊದಲು ಯೆಹೂದದ ಜನಕ್ಕೆ ಬಂದದ್ದು, ಯೆಹೂದ್ಯರು ಇವತ್ತಿಗೂ ಇದನ್ನು ತಮ್ಮ ಪವಿತ್ರ ಗ್ರಂಥ ಅಂತ ಓದುತ್ತಾರೆ. ಶಿಕ್ಷೆಯೆಲ್ಲ ಅವರಿಗೆ, ಹಾಡೆಲ್ಲ ನಮಗೆ ಅಂತ ಹಂಚಿಕೊಳ್ಳುವುದು ಅನ್ಯಾಯ. ದಯವಿಟ್ಟು ಹಾಗೆ ಓದಬೇಡಿ.

ವಾಗ್ದಾನ ನಿಮಗೆ ಸೇರುತ್ತಾ ಅಂದರೆ, ಸೇರುತ್ತದೆ. ಆದರೆ 3:17ರ 'ನೀನು' ಒಬ್ಬ ವ್ಯಕ್ತಿಯಲ್ಲ, ಒಂದು ಪಟ್ಟಣ. ಅದರಲ್ಲಿ ಉಳಿದವರು ಯಾರು ಅಂತ 3:12 ಹೇಳಿಬಿಟ್ಟಿದೆ, ಅವರ ಜೊತೆ ಹೋಗಿ ನಿಲ್ಲಬೇಕು. 2:3ರಲ್ಲಿ ದೇಶದ ದೀನರಿಗೆ, ಯೆಹೋವನನ್ನು ಹುಡುಕಿ, ಒಂದು ವೇಳೆ ಆ ದಿನದಲ್ಲಿ ಮರೆಯಾಗಿ ಉಳಿದೀರಿ ಅಂತಾನೆ ಚೆಫನ್ಯ. ಚೆಫನ್ಯ ಅನ್ನೋ ಹೆಸರಿನ ಅರ್ಥವೇ 'ಯೆಹೋವನು ಬಚ್ಚಿಟ್ಟಿದ್ದಾನೆ' ಅಂತ. ಅವನು ಹುಟ್ಟಿದ್ದು ಬಹುಶಃ ಮನಸ್ಸೆಯ ಕಾಲದಲ್ಲೇ, ಬೀದಿಯಲ್ಲಿ ರಕ್ತ ಹರಿಯುತ್ತಿದ್ದಾಗ. ಆಗ ತಾಯಿತಂದೆ ಮಗುವಿಗೆ ಆ ಹೆಸರಿಟ್ಟರು.

ಕಾರ್ಡ್ ಇಟ್ಟುಕೊಳ್ಳಿ. ಇಡೀ ಪುಸ್ತಕ ಬರೀ 53 ವಚನ, ಒಂದೇ ಸಲಕ್ಕೆ ಜೋರಾಗಿ ಓದಿ. 3:17ಕ್ಕೆ ನಿಲ್ಲಿಸಬೇಡಿ, ಇನ್ನೆರಡು ವಚನ ಮುಂದೆ ಹೋಗಿ. ಅಲ್ಲಿ ದೇವರು ಕುಂಟುತ್ತಾ ಬರುವವಳನ್ನು ರಕ್ಷಿಸುತ್ತಾನೆ, ಓಡಿಸಲ್ಪಟ್ಟವಳನ್ನು ಕರೆತರುತ್ತಾನೆ.