ಇನ್‌ಕಾಂಪಿಟೆಂಟ್ ಎಂದರೆ ಅಸಮರ್ಥನೇ?

ಪ್ರಶ್ನೆ: ನನ್ನ ತಮ್ಮನ ಮಗನಿಗೆ ಈಗ ಹದಿನೇಳು ವರ್ಷ. ಅವನ ಹೆಸರಿನಲ್ಲಿರುವ ನಿವೇಶನವನ್ನು ಮಾರಲು ಅವನಿಂದಲೇ ಸಹಿ ಹಾಕಿಸಬಹುದೇ ಎಂದು ವಕೀಲರನ್ನು ಕೇಳಿದಾಗ ಅವರು ಹುಡುಗ ‘ಇನ್‌ಕಾಂಪಿಟೆಂಟ್’ ಎಂದು ಬರೆದುಕೊಟ್ಟರು. ನಿಘಂಟು ಈ ಪದಕ್ಕೆ ‘ಅಸಮರ್ಥ’ ಎನ್ನುತ್ತದೆ. ತರಗತಿಗೆ ಮೊದಲಿಗನಾಗಿರುವ ಹುಡುಗನನ್ನು ಹೀಗೆ ಕರೆಯುವುದು ಸರಿಯೇ? (ಓದುಗರೊಬ್ಬರು, ಹಾವೇರಿ)

ಉತ್ತರ: ವಕೀಲರು ಹುಡುಗನ ಬುದ್ಧಿಯನ್ನು ಅಳೆದಿಲ್ಲ, ಸಹಿ ಹಾಕುವ ಅಧಿಕಾರ ಅವನಿಗೆ ಇನ್ನೂ ಬಂದಿಲ್ಲವೆಂದು ಮಾತ್ರ ಹೇಳಿದ್ದಾರೆ. ಲ್ಯಾಟಿನ್ ಭಾಷೆಯಲ್ಲಿ ‘ಒಟ್ಟಿಗೆ ಬಂದು ಸೇರು, ಹೊಂದಿಕೊಳ್ಳು’ ಎಂಬ ಅರ್ಥವಿದ್ದ ಕ್ರಿಯಾಪದವೊಂದು ಈ ಪದದ ಮೂಲ. ಶಕ್ತಿಗಿಂತ ಹೊಂದಿಕೆಯೇ ಅದರ ಮೊದಲ ಅರ್ಥವಾದ್ದರಿಂದ, ಯಾರನ್ನಾದರೂ ಇನ್‌ಕಾಂಪಿಟೆಂಟ್ ಎಂದಾಗ ‘ಯಾವ ಕೆಲಸಕ್ಕೆ?’ ಎಂದು ಕೇಳಿಕೊಳ್ಳದೆ ಕನ್ನಡ ಪದವನ್ನು ಆರಿಸಲು ಬರುವುದಿಲ್ಲ.

ನಮ್ಮ ದೇಶದ 1872ರ ಕರಾರು ಕಾಯಿದೆಯ 11ನೆಯ ಪ್ರಕರಣದ ಪ್ರಕಾರ ಪ್ರಾಪ್ತ ವಯಸ್ಸಿಗೆ ಬಂದ, ಸ್ವಸ್ಥಚಿತ್ತವಿರುವ ಮತ್ತು ಬೇರೆ ಯಾವ ಕಾನೂನಿನಿಂದಲೂ ನಿರ್ಬಂಧಕ್ಕೆ ಒಳಗಾಗದ ವ್ಯಕ್ತಿ ಮಾತ್ರ ಕರಾರು ಮಾಡಿಕೊಳ್ಳಲು ‘ಕಾಂಪಿಟೆಂಟ್’. ಹದಿನೆಂಟು ತುಂಬದವನು ಎಷ್ಟೇ ಚುರುಕಾಗಿದ್ದರೂ ಈ ಮಾತಿನೊಳಗೆ ಸೇರುವುದಿಲ್ಲ. ಕಲ್ಕತ್ತದ ಧರ್ಮೋದಾಸ್ ಘೋಷ್ ಎಂಬ ತರುಣ ಅಪ್ರಾಪ್ತನಾಗಿದ್ದಾಗಲೇ ತನ್ನ ಸ್ವತ್ತನ್ನು ಲೇವಾದೇವಿಗಾರನೊಬ್ಬನಿಗೆ 20,000 ರೂಪಾಯಿಗೆ ಅಡಮಾನ ಮಾಡಿದ್ದನು. ಆ ವ್ಯಾಜ್ಯ ಆಗಿನ ಕೊನೆಯ ಮೇಲ್ಮನವಿ ನ್ಯಾಯಪೀಠವಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೂ ಹೋಗಿ, ಅಪ್ರಾಪ್ತನು ಮಾಡಿದ ಕರಾರು ಆರಂಭದಿಂದಲೇ ಅನೂರ್ಜಿತವೆಂದು 1903ರಲ್ಲಿ ತೀರ್ಪಾಯಿತು. ಇಂದಿಗೂ ಕಾನೂನು ವಿದ್ಯಾರ್ಥಿಗಳು ಕರಾರಿನ ಪಾಠದಲ್ಲಿ ಈ ಮೊಕದ್ದಮೆಯನ್ನು ಓದುತ್ತಾರೆ. ನಿಮ್ಮ ನಿವೇಶನದ ವಿಷಯದಲ್ಲಿ ಹುಡುಗನ ತಂದೆಯ ಸಹಿಯೂ ತಾನಾಗಿಯೇ ಸಾಲದೆಂಬುದನ್ನು ಗಮನಿಸಿ. ಹಿಂದೂಗಳಿಗೆ ಅನ್ವಯಿಸುವ 1956ರ ಅಪ್ರಾಪ್ತ ವಯಸ್ಕರ ಹಾಗೂ ಪೋಷಕತ್ವ ಕಾಯಿದೆಯ 8ನೆಯ ಪ್ರಕರಣದಂತೆ, ಅಪ್ರಾಪ್ತನ ಸ್ಥಿರಾಸ್ತಿಯನ್ನು ಮಾರಲು ಸಹಜ ಪೋಷಕರು ನ್ಯಾಯಾಲಯದ ಅನುಮತಿಯನ್ನು ಮೊದಲೇ ಪಡೆಯಬೇಕು.

ಇದೇ ಹುಡುಗ ನಾಳೆ ಸಾಕ್ಷಿಯ ಕಟಕಟೆಗೆ ಬಂದರೆ ಅವನು ಕಾಂಪಿಟೆಂಟ್! ಕೇಳಿದ ಪ್ರಶ್ನೆಯನ್ನು ಅರಿತು ಸರಿಯಾಗಿ ಉತ್ತರಿಸಬಲ್ಲ ಯಾರೂ ಸಾಕ್ಷಿ ನುಡಿಯಬಹುದೆಂದು 1872ರ ಸಾಕ್ಷ್ಯ ಕಾಯಿದೆ ಹೇಳುತ್ತಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವೂ ಅದನ್ನೇ ಉಳಿಸಿಕೊಂಡಿದೆ. ಆದ್ದರಿಂದ ವಕೀಲರ ಮಾತನ್ನು ‘ಹುಡುಗನು ಕರಾರು ಮಾಡಿಕೊಳ್ಳಲು ಅರ್ಹನಲ್ಲ’ ಎಂದು ಕನ್ನಡಿಸಿದರೆ ಕಾನೂನಿಗೂ ನ್ಯಾಯ, ಹುಡುಗನಿಗೂ ನ್ಯಾಯ. ಯಾವುದಕ್ಕೆ ಅರ್ಹನಲ್ಲ ಎಂಬುದು ವಾಕ್ಯದೊಳಗೇ ಇರಬೇಕು. ಅದನ್ನು ಬಿಟ್ಟು ಬರೆದದ್ದರಿಂದಲೇ ನಿಮಗೆ ನೋವಾಗಿದೆ.

ಸರ್ಕಾರಿ ಕಡತಗಳಲ್ಲಿಯೂ ಈ ಎಡವಟ್ಟು ಕಾಣಿಸುತ್ತದೆ. ನೌಕರನನ್ನು ನೇಮಿಸಿದ ಅಧಿಕಾರಿಗಿಂತ ಕೆಳಗಿನವರು ಅವನನ್ನು ವಜಾ ಮಾಡುವಂತಿಲ್ಲವೆಂದು ಸಂವಿಧಾನದ 311ನೆಯ ವಿಧಿ ಹೇಳುತ್ತದೆ. ಹಾಗೆ ವಜಾ ಮಾಡಿದ ಅಧಿಕಾರಿಯನ್ನು ಇಂಗ್ಲಿಷಿನಲ್ಲಿ ‘ಇನ್‌ಕಾಂಪಿಟೆಂಟ್ ಅಥಾರಿಟಿ’ ಎನ್ನುತ್ತಾರೆ. ಅವರು ಜಿಲ್ಲೆಗೇ ದಕ್ಷರಿರಬಹುದು, ಆದರೆ ಆ ಆದೇಶ ಅವರ ಕೈಯಲ್ಲಿರಲಿಲ್ಲ. ಕನ್ನಡದ ಆಡಳಿತ ಭಾಷೆ ಇಲ್ಲಿ ‘ಸಕ್ಷಮ ಪ್ರಾಧಿಕಾರ’ ಎಂಬ ಒಳ್ಳೆಯ ಪ್ರಯೋಗವನ್ನು ರೂಢಿಗೆ ತಂದಿದೆ. ಅದರ ನಿಷೇಧಕ್ಕೆ ‘ಸಕ್ಷಮವಲ್ಲದ ಪ್ರಾಧಿಕಾರ’ ಎಂದರೆ ಸಾಕು. ‘ಅಸಮರ್ಥ ಪ್ರಾಧಿಕಾರ’ ಎಂದು ಬರೆದರೆ ಅದು ಬೈಗುಳವಾಗುತ್ತದೆ.

ಪ್ರಶ್ನೆ: ನಮ್ಮ ತಾಯಿಯವರ ಕಾಲಿನ ಡಾಪ್ಲರ್ ಸ್ಕ್ಯಾನ್ ವರದಿಯಲ್ಲಿ ರಕ್ತನಾಳದ ಕವಾಟ ‘ಇನ್‌ಕಾಂಪಿಟೆಂಟ್’ ಎಂದಿದೆ. ಇದರ ಅರ್ಥವೇನು? (ಓದುಗರೊಬ್ಬರು, ತುಮಕೂರು)

ಉತ್ತರ: ಕಾಲಿನ ಅಭಿಧಮನಿಗಳಲ್ಲಿ ರಕ್ತವು ಹೃದಯದ ಕಡೆಗೆ ಮೇಲಕ್ಕೆ ಹರಿಯಬೇಕು, ಕೆಳಕ್ಕೆ ಮರಳಬಾರದು. ಅದಕ್ಕಾಗಿ ಒಂದೇ ದಿಕ್ಕಿಗೆ ತೆರೆದುಕೊಳ್ಳುವ ಪುಟ್ಟ ಕವಾಟಗಳು ಒಳಗಿರುತ್ತವೆ. ಅವು ಪೂರ್ತಿ ಮುಚ್ಚಿಕೊಳ್ಳದಿದ್ದಾಗ ರಕ್ತ ಹಿಂದಕ್ಕೆ ಸೋರಿ ಕೆಳಭಾಗದಲ್ಲಿ ನಿಲ್ಲುತ್ತದೆ, ನಾಳಗಳು ಉಬ್ಬಿ ಚರ್ಮದ ಮೇಲೆ ಕಾಣಿಸಿಕೊಳ್ಳುತ್ತವೆ. ನಾವು ವೆರಿಕೋಸ್ ವೇನ್ಸ್ ಎಂದು ಕರೆಯುವುದು ಇದನ್ನೇ. ಇಲ್ಲಿ ‘ಸರಿಯಾಗಿ ಮುಚ್ಚದ ಕವಾಟ’ ಎಂದು ಬಿಡಿಸಿ ಹೇಳುವುದೇ ಲೇಸು. ರೋಗಿಗೆ ತಿಳಿಯಬೇಕಾದದ್ದೂ ಅಷ್ಟೇ. ಚಿಕಿತ್ಸೆಯ ಮಾತನ್ನು ನಿಮ್ಮ ವೈದ್ಯರಿಗೇ ಬಿಡುತ್ತೇನೆ.

ಗರ್ಭಿಣಿಯರಲ್ಲಿ ಗರ್ಭಕಂಠವು ದಿನ ತುಂಬುವ ಮೊದಲೇ ನೋವಿಲ್ಲದೆ ತೆರೆದುಕೊಳ್ಳುವುದನ್ನೂ ವೈದ್ಯರು ಬಹುಕಾಲ ‘ಇನ್‌ಕಾಂಪಿಟೆನ್ಸ್’ ಎಂದೇ ಕರೆಯುತ್ತಿದ್ದರು. ಈಗ ಅದಕ್ಕೆ ‘ಇನ್‌ಸಫಿಶಿಯೆನ್ಸಿ’, ಅಂದರೆ ಕೊರತೆ, ಎಂಬ ಪದ ಹೆಚ್ಚು ಬಳಕೆಯಲ್ಲಿದೆ. ಮಗುವನ್ನು ಕಳೆದುಕೊಂಡ ತಾಯಿಯ ಮುಂದೆ ಮೊದಲಿನ ಪದವನ್ನು ಉಚ್ಚರಿಸುವುದು ಎಷ್ಟು ಕಠೋರವೆಂದು ಯೋಚಿಸಿದರೆ ಈ ಬದಲಾವಣೆ ತಡವಾಯಿತೆಂದೇ ಅನಿಸುತ್ತದೆ.

ಪ್ರಶ್ನೆ: ಇನ್‌ಕೇಪಬಲ್, ಅನೇಬಲ್, ಇನ್‌ಎಫಿಶಿಯೆಂಟ್, ಇನ್‌ಕಾಂಪಿಟೆಂಟ್: ಇವೆಲ್ಲಕ್ಕೂ ‘ಅಸಮರ್ಥ’ ಎಂದು ಬರೆದರೆ ತಪ್ಪೇನು? (ಪದವಿ ವಿದ್ಯಾರ್ಥಿನಿ, ಉಡುಪಿ)

ಉತ್ತರ: ತಪ್ಪು ಎನ್ನುವುದಕ್ಕಿಂತ ನಷ್ಟ ಎನ್ನಬೇಕು. ಕೆಲಸ ಬಂದರೂ ಕಾಲ, ಹಣ ವ್ಯರ್ಥ ಮಾಡುವವನು ಅದಕ್ಷ. ಕೆಲಸವೇ ಬಾರದವನು ಅಸಮರ್ಥ, ಮನೆಮಾತಿನಲ್ಲಿ ಕೈಲಾಗದವನು. ಜ್ವರ ಬಂದು ಇಂದು ಏಳಲಾಗದವನನ್ನು ಬೇಕಾದರೆ ಅಶಕ್ತ ಎನ್ನಿ. ‘ಅನೇಬಲ್’ ಹೀಗೆ ಆ ಹೊತ್ತಿನ ಅಡ್ಡಿಯನ್ನು ಹೇಳಬಲ್ಲದೇ ಹೊರತು ವ್ಯಕ್ತಿಯ ಮೇಲೆ ತೀರ್ಪು ಕೊಡುವುದಿಲ್ಲ.

ಇನ್‌ಕೇಪಬಲ್ ಪದಕ್ಕೆ ಇನ್ನೊಂದು ಮುಖವಿದೆ. ಸುಳ್ಳು ಹೇಳುವುದಕ್ಕೆ ಇನ್‌ಕೇಪಬಲ್ ಎಂದರೆ ಇಂಗ್ಲಿಷಿನಲ್ಲಿ ಅದು ಹೊಗಳಿಕೆ. ಅಲ್ಲಿ ಇನ್‌ಕಾಂಪಿಟೆಂಟ್ ಎಂದು ಇಟ್ಟರೆ, ಹೇಳಲು ಹೋಗಿ ಸಿಕ್ಕಿಬೀಳುವವನೆಂಬ ಲೇವಡಿಯಾಗುತ್ತದೆ. ‘ಸುಳ್ಳು ಹೇಳಲು ಅಸಮರ್ಥರು’ ಎಂಬ ಕನ್ನಡವೂ ಅಷ್ಟೇ ನಗೆಪಾಟಲು. ಆದರೆ ‘ಅವರು ಸುಳ್ಳು ಹೇಳಲಾರರು’ ಎಂದು ನೋಡಿ, ಹೊಗಳಿಕೆ ಪೂರ್ತಿಯಾಗಿ ಬಂದಿತು. ಈ ‘ಆರ’ ಹಳಗನ್ನಡದ ‘ಆರ್’ ಧಾತುವಿನದು. ಶಕ್ತಿ ಎಂಬ ಅರ್ಥದ ‘ಆರ್ಪು’ ಅದರಿಂದಲೇ ಹುಟ್ಟಿತು. ಇಂದಿನ ಬರಹದಲ್ಲಿ ಆ ಧಾತುವಿನ ನಿಷೇಧರೂಪವೇ ಹೆಚ್ಚಾಗಿ ಉಳಿದಿದ್ದು, ಅದಕ್ಕೆದುರಾಗಿ ‘ಬಲ್ಲ’ ಬಂದು ನಿಂತಿದೆ: ಮಾಡಬಲ್ಲೆ, ಮಾಡಲಾರೆ. ಆಗದು ಎಂಬುದನ್ನೂ ಒಲ್ಲೆ ಎಂಬುದನ್ನೂ ‘ಲಾರೆ’ ಸಂದರ್ಭಕ್ಕೆ ತಕ್ಕಂತೆ ಸೂಚಿಸುತ್ತದೆ. ‘ಇಂದು ಮಳೆ ಬರಲಾರದು’ ಎಂದಾಗ ಸಾಮರ್ಥ್ಯದ ಮಾತೇ ಇಲ್ಲ, ಬರಿಯ ಊಹೆ ಇದೆ.

ಅನುವಾದ ಮಾಡುವಾಗ ನಾಮಪದವನ್ನು ಹುಡುಕಿ ಸೋಲುವ ಬದಲು ಕ್ರಿಯಾಪದದ ಈ ರೂಪವನ್ನು ಮೊದಲು ಪ್ರಯತ್ನಿಸಿ ಎಂಬುದು ನನ್ನ ಸಲಹೆ. ಕಾನೂನಿನ ಪಠ್ಯದಲ್ಲಿ ಮಾತ್ರ ಈ ಸ್ವಾತಂತ್ರ್ಯ ಬೇಡ. ‘ಅಪ್ರಾಪ್ತನು ಕರಾರು ಮಾಡಲಾರನು’ ಎಂದರೆ ಅವನಿಗೆ ಮನಸ್ಸಿಲ್ಲವೆಂದೂ ಓದಿಕೊಳ್ಳಬಹುದು. ಅಲ್ಲಿ ‘ಅರ್ಹನಲ್ಲ’ ಎಂದೇ ಬರೆಯಿರಿ.