ಕಪ್ಪು ಕಾರ್ಡಿನ ಮೇಲೆ ಬೆಳ್ಳಿ ಅಕ್ಷರ: ಒತ್ತಕ್ಷರ ಎಲ್ಲಿ ಹೋಯಿತು?

ಪ್ರಶ್ನೆ: ನಮ್ಮದು ಬೀದರ್. ಅಕ್ಕನ ಲಗ್ನಪತ್ರಿಕೆ ಬಿದರಿ ಸಾಮಾನಿನ ಹಾಗೆ ಕಪ್ಪು ಕಾರ್ಡಿನ ಮೇಲೆ ಬೆಳ್ಳಿ ಅಕ್ಷರದಲ್ಲಿ ಇರಲಿ ಅಂತ ಆಸೆ. ಕೈಬರಹದಂಥ ತೆಳುವಾದ ಫಾಂಟ್ ಆರಿಸಿದೆವು. ಕಂಪ್ಯೂಟರ್‌ನಲ್ಲಿ ತುಂಬಾ ಚೆಂದ ಇತ್ತು. ಸಿಲ್ವರ್ ಫಾಯಿಲ್ ಹಾಕಿದ ಸ್ಯಾಂಪಲ್‌ನಲ್ಲಿ ಗೆರೆಗಳು ಅಲ್ಲಲ್ಲಿ ಕಡಿದಿವೆ, ಒತ್ತಕ್ಷರ ಕಾಣುವುದೇ ಇಲ್ಲ. ಫಾಂಟ್ ಬದಲಿಸಬೇಕಾ?

ಉತ್ತರ: ಈಗಲೇ ಬದಲಿಸಬೇಡಿ. ಮೊದಲು ಅದಕ್ಕೆ ಕೊಟ್ಟಿರುವ ಕೆಲಸ ಕಡಿಮೆ ಮಾಡಿ ನೋಡಿ.

ಬಿದರಿ ಹೂಜಿಯ ಮೇಲಿನ ತೆಳು ಬೆಳ್ಳಿ ಎಳೆ ಯಾಕೆ ಅಳಿಸುವುದಿಲ್ಲ? ಕುಶಲಕರ್ಮಿ ಉಳಿಯಿಂದ ಗೆರೆ ಕೊರೆದು, ಅದರೊಳಗೆ ಬೆಳ್ಳಿ ತಂತಿ ಕೂರಿಸಿ ಬಡಿಯುತ್ತಾನೆ. ಎಳೆಗೆ ಅಲ್ಲಿ ಮನೆ ಇದೆ. ಫಾಯಿಲ್‌ಗೆ ಆ ಮನೆ ಇಲ್ಲ. ಬಿಸಿ ಅಚ್ಚು ಒತ್ತಿದಾಗ ಅದು ಕಾರ್ಡಿನ ಮೇಲ್ಮೈಗೆ ಅಂಟುತ್ತದೆ, ಅಷ್ಟೇ. ಕಾರ್ಡು ಸ್ವಲ್ಪ ಒರಟಾಗಿದ್ದರೂ ತೆಳು ಗೆರೆ ಕಡಿಯುತ್ತದೆ. ಜೊತೆಗೆ ಅಕ್ಷರದೊಳಗಿನ ಸಣ್ಣ ಸಂದುಗಳು ಫಾಯಿಲ್‌ನಿಂದ ಮುಚ್ಚಿಹೋಗುತ್ತವೆ.

ಒಂದು ಲೆಕ್ಕ ಹೇಳುತ್ತೇನೆ. ಫಾಂಟ್ ಬರೆಯುವವರು ಸಾಮಾನ್ಯವಾಗಿ 1000 ಘಟಕಗಳ ಚೌಕಟ್ಟಿನಲ್ಲಿ ಬರೆಯುತ್ತಾರೆ. ನಾವು ಆರಿಸುವ ಪಾಯಿಂಟ್ ಅಳತೆ ಆ ಇಡೀ ಚೌಕಟ್ಟಿನ ಎತ್ತರ. ಗೆರೆಯ ದಪ್ಪ 20 ಘಟಕ ಇದ್ದರೆ, 14 ಪಾಯಿಂಟ್‌ನಲ್ಲಿ ಅದು ಬರೀ 0.1 ಮಿಲಿಮೀಟರ್. 36 ಪಾಯಿಂಟ್‌ಗೆ ಹೋದರೆ 0.25 ಮಿಲಿಮೀಟರ್. ಫಾಯಿಲ್‌ಗೆ ನಾನು ಅದಕ್ಕಿಂತ ತೆಳು ಗೆರೆ ಒಪ್ಪುವುದಿಲ್ಲ. ಹಾಗಾಗಿ ಆ ಫಾಂಟ್‌ನಲ್ಲಿ ವಧು-ವರರ ಹೆಸರು ಮಾತ್ರ ಇರಲಿ, ದೊಡ್ಡದಾಗಿ. ಮುಹೂರ್ತ, ಸ್ಥಳ, ಹಿರಿಯರ ಹೆಸರು ಎಲ್ಲವೂ ನೆಟ್ಟಗಿನ ಸಾದಾ ಫಾಂಟ್‌ನಲ್ಲಿ ಬರಲಿ. ಓದುವವರಲ್ಲಿ ಕನ್ನಡಕ ಹುಡುಕುವ ಅಜ್ಜ, ಅಜ್ಜಿ ಇರುತ್ತಾರೆ ಅಲ್ವಾ?

ಈಗ ಒತ್ತಕ್ಷರಕ್ಕೆ ಬರೋಣ. ಕೆಲವು ಫಾಂಟ್‌ಗಳಲ್ಲಿ ಒತ್ತನ್ನು ಬೇರೆಯಾಗಿ ಬರೆದಿರುವುದಿಲ್ಲ. ಮೇಲಿನ ಅಕ್ಷರವನ್ನೇ ಕುಗ್ಗಿಸಿ ಕೆಳಗೆ ಕೂರಿಸಿರುತ್ತಾರೆ. ಅಕ್ಷರ ಕುಗ್ಗಿದರೆ ಗೆರೆಯೂ ಕುಗ್ಗುತ್ತದೆ. ಮೇಲೆ 0.1 ಇದ್ದದ್ದು ಕೆಳಗೆ 0.06 ಆಯಿತು ಅಂದರೆ ಅದು ಅಚ್ಚಿನಲ್ಲಿ ಉಳಿಯುವುದಿಲ್ಲ. ನಮ್ಮ ಕಡೆ ಹೆಸರುಗಳನ್ನೇ ನೋಡಿ: ಶರಣಬಸಪ್ಪ, ನಿಂಗಮ್ಮ, ಸಿದ್ದಪ್ಪ. ಒತ್ತಿಲ್ಲದ ಹೆಸರು ಹುಡುಕಬೇಕು! ‘ಪ್ಪ’ ಟೈಪ್ ಮಾಡಿ ತುಂಬಾ ದೊಡ್ಡದು ಮಾಡಿ ನೋಡಿ. ಮೇಲಿನ ಗೆರೆ, ಕೆಳಗಿನ ಗೆರೆ ಒಂದೇ ದಪ್ಪ ಕಂಡರೆ ಬರೆದವರು ಕಾಳಜಿಯಿಂದ ಬರೆದಿದ್ದಾರೆ. ಹಾಗೆ ಕಾಣದಿದ್ದರೆ ಆಗ ಬೇರೆ ಫಾಂಟ್ ನೋಡಿ.

ಇನ್ನೊಂದು ಜಾಗ ಇದೆ, ಅದು ನನಗೆ ಜಾಸ್ತಿ ಭಯ ಹುಟ್ಟಿಸುತ್ತದೆ. ಮಹಾಪ್ರಾಣದ ಸೀಳು. ಶಾಲೆಯಲ್ಲಿ ‘ಹೊಟ್ಟೆ ಸೀಳು’ ಅಂತ ಹೇಳಿಕೊಡುತ್ತಿದ್ದರಲ್ಲ, ಅದೇ. ಕಲಬುರಗಿಯಲ್ಲಿ ಒಮ್ಮೆ ಒಂದು ಕಾರ್ಡ್ ನನ್ನ ಕೈಗೆ ಬಂತು. ಮದುಮಗಳ ಹೆಸರು ಧನಲಕ್ಷ್ಮೀ. ‘ಧ’ದ ಕೆಳಗಿನ ಆ ಕೂದಲೆಳೆಯಷ್ಟು ಗೆರೆ ಅಚ್ಚಿನಲ್ಲಿ ಬಿದ್ದೇ ಇರಲಿಲ್ಲ. ಧನ ಹೋಗಿ ದನ ಆಗಿತ್ತು. ಎಲ್ಲ ಕಾರ್ಡುಗಳೂ ಅಚ್ಚಾಗಿ, ಹಂಚಿಯೂ ಆಗಿತ್ತು. ಆ ಹುಡುಗಿಗೆ ಹೇಗನ್ನಿಸಿರಬೇಕು ಅಂತ ಇವತ್ತಿಗೂ ನೋವಾಗುತ್ತದೆ. ಆದ್ದರಿಂದ ಫಾಂಟ್ ಆರಿಸುವಾಗ ಅದರ ಜೊತೆಗಿರುವ ಚೆಂದದ ಮಾದರಿ ಸಾಲು ನೋಡಬೇಡಿ. ನಿಮ್ಮ ಮನೆಯ ಹೆಸರುಗಳನ್ನೇ ಟೈಪ್ ಮಾಡಿ. ಜೊತೆಗೆ ಜ್ಯೋತ್ಸ್ನಾ, ಲಕ್ಷ್ಮೀ, ಮಲ್ಲಿಕಾರ್ಜುನ, ಸ್ತ್ರೀ ಸೇರಿಸಿ. ಕಾರ್ಡಿನ ಅಳತೆಯಲ್ಲೇ ಪ್ರಿಂಟ್ ತೆಗೆದು, ಒಂದು ಕೈ ದೂರ ಹಿಡಿದು ಓದಿ.

ಸಾಲುಗಳ ನಡುವೆ ಜಾಗ ಧಾರಾಳವಾಗಿ ಬಿಡಿ, ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗಬಾರದು. ಹೆಸರನ್ನು ಇಂಗ್ಲಿಷ್‌ನಲ್ಲೂ ಅದೇ ಶೈಲಿಯಲ್ಲಿ ಹಾಕಿಸುವುದಾದರೆ ಎಲ್ಲ ಅಕ್ಷರ ಕ್ಯಾಪಿಟಲ್ ಮಾಡಬೇಡಿ. ಅಕ್ಷರಗಳ ನಡುವೆ ಅಂತರವನ್ನೂ ಹೆಚ್ಚಿಸಬೇಡಿ. ಆ ಅಕ್ಷರಗಳು ಕೈ ಹಿಡಿದುಕೊಂಡು ನಡೆಯುತ್ತವೆ, ಅಂತರ ಕೊಟ್ಟರೆ ಕೊಂಡಿ ಕಳಚುತ್ತದೆ. ಪ್ರೆಸ್‌ಗೆ ಕೊಡುವ ಮುಂಚೆ ಫೈಲನ್ನು ಕರ್ವ್ ಮಾಡಿಸಿ, ಅಂದರೆ ಅಕ್ಷರಗಳನ್ನು ಫಾಂಟ್ ಬೇಡದ ಚಿತ್ರದ ಗೆರೆಗಳಾಗಿ ಬದಲಿಸಿ. ಇಲ್ಲದಿದ್ದರೆ ಅವರ ಕಂಪ್ಯೂಟರ್‌ನಲ್ಲಿ ಬೇರೆ ಫಾಂಟ್ ಬಂದು ಕೂರಬಹುದು. ಮತ್ತೆ, ಕಾರ್ಡು ನುಣುಪಾದದ್ದೇ ಇರಲಿ.

ಪ್ರಶ್ನೆ: ತೀರಿಹೋದ ಅಪ್ಪನ ಕೈಬರಹ ತುಂಬಾ ನವಿರಾಗಿತ್ತು. ಪತ್ರಗಳು ಇವೆ. ಅದನ್ನು ಫಾಂಟ್ ಮಾಡಬಹುದಾ? (ಯಾದಗಿರಿಯಿಂದ)

ಉತ್ತರ: ಖಂಡಿತ ಆಗುತ್ತದೆ. ಆದರೆ ತಾಳ್ಮೆ ಬೇಕು. ಇಂಗ್ಲಿಷ್‌ಗೆ ದೊಡ್ಡಕ್ಷರ, ಸಣ್ಣಕ್ಷರ ಸೇರಿ 52 ಬರೆದರೆ ಮುಖ್ಯ ಕೆಲಸ ಮುಗಿಯಿತು. ನಮ್ಮಲ್ಲಿ ವ್ಯಂಜನವೇ 34. ಅವುಗಳ ಗುಣಿತ, ಒತ್ತು ಸೇರಿದರೆ ನೂರಾರು ಆಕಾರ. ‘ಕಿ’ಯಲ್ಲಿ ಗುಡಿಸು ಅಕ್ಷರಕ್ಕೇ ಬೆಸೆದಿರುತ್ತದೆ, ಸುಮ್ನೆ ಪಕ್ಕಕ್ಕೆ ಅಂಟಿಸಿದರೆ ಆಗುವುದಿಲ್ಲ. ಫಾಂಟ್‌ಫೋರ್ಜ್ ಎಂಬ ಉಚಿತ ತಂತ್ರಾಂಶದಲ್ಲಿ ಈ ಕೆಲಸ ಮಾಡಬಹುದು.

ಪತ್ರಗಳಲ್ಲಿ ಎಲ್ಲ ಅಕ್ಷರ ಸಿಗದೇ ಇರಬಹುದು. ‘ಭ’ ಸಿಗದಿದ್ದರೆ ಅಪ್ಪನ ‘ಬ’ ತೆಗೆದುಕೊಂಡು, ಅವರದೇ ‘ಧ’ದ ಸೀಳು ಸೇರಿಸಿ. ಪದೇ ಪದೇ ಬರುವ ‘ನ’, ‘ರ’, ‘ದ’ಗಳಿಗೆ ಎರಡು ಮೂರು ರೂಪ ಇಟ್ಟುಕೊಳ್ಳಿ. ಅವರು ಒಂದೇ ಪುಟದಲ್ಲಿ ಎರಡು ‘ನ’ವನ್ನು ಒಂದೇ ಥರ ಬರೆದಿರುವುದಿಲ್ಲ, ಬೇಕಾದರೆ ನೋಡಿ. ಗೆರೆಯ ಸಣ್ಣ ನಡುಕವನ್ನು ಸಾಫ್ಟ್‌ವೇರ್‌ನಲ್ಲಿ ನುಣುಪು ಮಾಡಲು ಹೋಗಬೇಡಿ, ಅದೇ ಅವರ ಕೈ.

ಇವತ್ತೇ ಮಾಡಬೇಕಾದ್ದು ಒಂದಿದೆ. ಪತ್ರಗಳನ್ನು ಬಿಡಿಸಿ, 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕಿ) ಸ್ಕ್ಯಾನ್ ಮಾಡಿಡಿ. ಆಮೇಲೆ ಮೊದಲಿನಂತೆ ಮಡಚಬೇಡಿ. ಮಡಿಕೆಯ ಮೇಲಿರುವ ಸಾಲೇ ಮೊದಲು ಅಳಿಸುವುದು.