ಓದುಗರ ಪ್ರಶ್ನೆ: ಮೂರು ಕಾಲೇಜು, ಒಬ್ಬರೇ ವಿಶೇಷ ಶಿಕ್ಷಕಿ

(ಈ ಅಂಕಣದಲ್ಲಿ ಉತ್ತರಿಸುವವರು ಹುಬ್ಬಳ್ಳಿಯಲ್ಲಿ ಕಿವುಡ ಮಕ್ಕಳಿಗೆ ಕಲಿಸಿ, ಬಳಿಕ ಧಾರವಾಡದಲ್ಲಿ ವಿಶೇಷ ಶಿಕ್ಷಕರನ್ನು ತಯಾರು ಮಾಡಿ ನಿವೃತ್ತರಾದ ಅಧ್ಯಾಪಕಿ.)

ಪ್ರಶ್ನೆ: ನಾನು ಗದಗದ ಬಿ.ಇಡಿ ಕಾಲೇಜೊಂದರ ಪ್ರಾಚಾರ್ಯ. ಸಮನ್ವಯ ಶಿಕ್ಷಣದ, ಅಂದರೆ ಅಂಗವೈಕಲ್ಯವುಳ್ಳ ಮಕ್ಕಳನ್ನೂ ಉಳಿದವರ ಜೊತೆಗೇ ಕಲಿಸುವ ವಿಷಯದ ಪತ್ರಿಕೆ ನಮ್ಮಲ್ಲಿದೆ, ಅದನ್ನು ಕಲಿಸಲು ಆ ವಿಷಯ ಓದಿದವರಿಲ್ಲ. ಹಾವೇರಿಯ ಕಾಲೇಜಿನದೂ ಇದೇ ಕಥೆ. ಹುಬ್ಬಳ್ಳಿಯ ಒಂದು ಸಂಸ್ಥೆಯಲ್ಲಿ ವಿಶೇಷ ಶಿಕ್ಷಣ ಓದಿದ ಅಧ್ಯಾಪಕಿ ಇದ್ದಾರೆ. ಮೂವರೂ ಕೂಡಿ ಒಪ್ಪಂದ ಮಾಡಿಕೊಳ್ಳೋಣ ಎಂದಿದ್ದೇವೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವುದರೊಳಗೆ ಆಗಬೇಕೆಂದು ಆಡಳಿತ ಮಂಡಳಿಯ ಒತ್ತಾಯ. ಒಪ್ಪಂದದಲ್ಲಿ ಏನೇನಿರಬೇಕು? ಬೇರೆ ಕಡೆ ಹೀಗೆ ಮಾಡಿದವರಿದ್ದಾರೆಯೇ?

ಉತ್ತರ: ಪ್ರಾಚಾರ್ಯರೇ, ನ್ಯಾಕ್ ವಿಚಾರವನ್ನು ಮುಚ್ಚಿಡದೆ ಬರೆದಿದ್ದೀರಿ, ಸಂತೋಷ. ಶಾಲು, ಹಾರ, ಕಡತ ಹಿಡಿದು ನಿಂತ ಫೋಟೋ ಎಲ್ಲ ಒಂದು ಮಧ್ಯಾಹ್ನದ ಕೆಲಸ. ಮುಗಿಸಿಕೊಳ್ಳಿ. ಮರುದಿನ ಮೂರೂ ಕಾಲೇಜುಗಳಲ್ಲಿ ವೇಳಾಪಟ್ಟಿ ಹಾಕುವವರನ್ನು ಹುಬ್ಬಳ್ಳಿಯಲ್ಲಿ ಒಂದೇ ಮೇಜಿಗೆ ಕೂರಿಸಿ. ಪ್ರಾಚಾರ್ಯರು ಬೇಡ, ವೇಳಾಪಟ್ಟಿ ಹಾಕುವವರೇ ಬರಲಿ. ಇಂಥ ಒಪ್ಪಂದಗಳು ಸಾಯುವುದು ಸದುದ್ದೇಶದ ಕೊರತೆಯಿಂದಲ್ಲ, ನಿಮ್ಮಲ್ಲಿ ಕಿರುಪರೀಕ್ಷೆ ಇರುವ ದಿನವೇ ಅವರಲ್ಲಿ ಪಾಠವಿರುತ್ತದೆ, ಅದರಿಂದ.

ಆ ಅಧ್ಯಾಪಕಿಯನ್ನು ವಾರಕ್ಕೊಂದು ದಿನ ಗದಗಕ್ಕೆ, ಇನ್ನೊಂದು ದಿನ ಹಾವೇರಿಗೆ ಓಡಾಡಿಸಬೇಡಿ. ಎರಡು ತಿಂಗಳಲ್ಲಿ ಅವರೂ ಬೇಸರಪಡುತ್ತಾರೆ, ಅವರನ್ನು ಕಳಿಸಿಕೊಟ್ಟ ಕಾಲೇಜೂ ಗೊಣಗುತ್ತದೆ. ಒಂದೊಂದು ಊರಿನಲ್ಲಿ ಒಂದಿಡೀ ವಾರ ಅವರದೇ ಪಾಠವಿರಲಿ. ಗೌರವಧನ ಎಷ್ಟು, ಪ್ರಯಾಣದ ಖರ್ಚು ಯಾರದು ಎಂಬುದು ಒಪ್ಪಂದದ ಮೊದಲ ಪುಟದಲ್ಲೇ ಬರಲಿ. ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ ಉಚಿತವಲ್ಲವೇ ಎಂದು ಭತ್ಯೆಗೆ ಕತ್ತರಿ ಹಾಕುವ ಲೆಕ್ಕಿಗರೂ ಇರುತ್ತಾರೆ, ಅದಕ್ಕೆ ಹೇಳಿದೆ.

ಈಗ ಮುಖ್ಯ ಮಾತು. ನೀವು ಹಂಚಿಕೊಳ್ಳಬೇಕಾದದ್ದು ಉಪನ್ಯಾಸಕ್ಕಿಂತ ಹೆಚ್ಚಾಗಿ ಶಾಲೆಗಳನ್ನು. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ, ಅಂದರೆ ಎನ್‌ಸಿಟಿಇಯ 2014ರ ನಿಯಮಗಳಂತೆ ಎರಡು ವರ್ಷದ ಬಿ.ಇಡಿಯಲ್ಲಿ 20 ವಾರ ಶಾಲೆಯಲ್ಲಿ ಕಳೆಯಬೇಕು: ಮೊದಲ ವರ್ಷ 4, ಎರಡನೆಯ ವರ್ಷ 16. ಇಷ್ಟು ವಾರಗಳಲ್ಲಿ ನಿಮ್ಮ ಪ್ರಶಿಕ್ಷಣಾರ್ಥಿ ವಿಶೇಷ ಶಾಲೆಯನ್ನು ನೋಡುವುದು ಎಷ್ಟು ಹೊತ್ತು? ಒಂದು ದಿನ, ಅದೂ ಭೇಟಿಯ ಹೆಸರಿನಲ್ಲಿ. ಮಕ್ಕಳು ಪ್ರಾರ್ಥನೆ ಹೇಳುತ್ತಾರೆ, ಬಂದವರು ಬಿಸ್ಕತ್ತು ಹಂಚುತ್ತಾರೆ, ಎಲ್ಲರೂ ಸಾಲಾಗಿ ನಿಂತು ಫೋಟೋ ತೆಗೆಸಿಕೊಂಡು ಬಸ್ ಹತ್ತುತ್ತಾರೆ, ಸಂಜೆ ವರದಿ ಬರೆಯುತ್ತಾರೆ. ಎಲ್ಲ ಕಾಲೇಜುಗಳೂ ಇದನ್ನು ಹೆಚ್ಚುಕಡಿಮೆ ಒಂದೇ ತಿಂಗಳಲ್ಲಿ ಮಾಡುವುದರಿಂದ ಆ ತಿಂಗಳು ವಿಶೇಷ ಶಾಲೆಯಲ್ಲಿ ಪಾಠವೇ ನಡೆಯುವುದಿಲ್ಲ. ಉಳಿದ ತಿಂಗಳುಗಳಲ್ಲಿ ಒಬ್ಬ ಸಹಾಯಕರಿಗೂ ಗತಿಯಿಲ್ಲ. ಮೂರು ಕಾಲೇಜುಗಳು ಸೇರಿ ಒಂದು ಕ್ಯಾಲೆಂಡರ್ ಹಾಕಿದರೆ ವರ್ಷದ ಉದ್ದಕ್ಕೂ ಸರದಿಯ ಮೇಲೆ ನಾಲ್ಕು ನಾಲ್ಕು ಜನರನ್ನು ಎರಡು ವಾರಗಳಿಗೆ ಕಳಿಸಬಹುದು. ಯಾವ ತಿಂಗಳು ಅನುಕೂಲ ಎಂದು ಮೊದಲು ಶಾಲೆಯವರನ್ನು ಕೇಳಿ. ಮಕ್ಕಳ ತಂದೆ ತಾಯಿಯರ ಒಪ್ಪಿಗೆಯನ್ನೂ ಪಡೆಯಿರಿ. ಆ ಮಕ್ಕಳು ನಮ್ಮ ಪಠ್ಯದ ಚಿತ್ರಗಳಲ್ಲ.

ಕಳಿಸುವುದು ಎರಡೂ ದಿಕ್ಕಿನಲ್ಲಿ ನಡೆಯಲಿ. ವಿಶೇಷ ಬಿ.ಇಡಿ ಓದುವವರು ಎಂಟು ಮಕ್ಕಳ ಕೋಣೆಯಲ್ಲಿ ಪಳಗುತ್ತಾರೆ, ನಲವತ್ತು ಮಕ್ಕಳ ಗದ್ದಲದಲ್ಲಿ ಕಂಗಾಲಾಗುತ್ತಾರೆ. ನಿಮ್ಮವರು ನಲವತ್ತು ಮಕ್ಕಳನ್ನು ಹಿಡಿದಿಡುತ್ತಾರೆ, ಆದರೆ ಹಿಂದಿನ ಬೆಂಚಿನಲ್ಲಿ ಕಿವಿ ಮಂದವಿರುವ ಹುಡುಗಿಗೆ 'ಪೆದ್ದಿ' ಎಂಬ ಹಣೆಪಟ್ಟಿ ಬಿದ್ದಿರುವುದು ಅವರಿಗೆ ಗೊತ್ತೇ ಆಗುವುದಿಲ್ಲ. ಇಬ್ಬರನ್ನೂ ಜೋಡಿ ಮಾಡಿ ಒಂದೇ ಪಾಠ ಯೋಜನೆ ಬರೆಸಿ. ಐದನೆಯ ತರಗತಿಯ ಹಣದ ಲೆಕ್ಕವನ್ನೇ ತೆಗೆದುಕೊಳ್ಳಿ. ಉಳಿದವರು ಬೆಟಗೇರಿ ಸಂತೆಯ ಒಟ್ಟು ಖರ್ಚಿನ ಲೆಕ್ಕ ಮಾಡುವಾಗ ಬುದ್ಧಿ ಬೆಳವಣಿಗೆ ನಿಧಾನವಿರುವ ಹುಡುಗ ನಿಜವಾದ ನಾಣ್ಯಗಳಿಂದ ಹತ್ತು ರೂಪಾಯಿ ಕೂಡಿಸಲಿ. ದೃಷ್ಟಿ ಮಂದವಿರುವ ಮಗುವನ್ನು ಮುಂದೆ ಕೂರಿಸಿದರೆ ಮುಗಿಯಲಿಲ್ಲ, ಕಿಟಕಿಯ ಬೆಳಕು ಬೋರ್ಡಿನ ಮೇಲೆ ಹೊಳೆಯುತ್ತಿದೆಯೇ ಎಂದು ಅದೇ ಜಾಗದಲ್ಲಿ ಕುಳಿತು ನೋಡಬೇಕು. ಬೋರ್ಡಿನತ್ತ ತಿರುಗಿ ಮಾತನಾಡುವ ಶಿಕ್ಷಕರ ಬೆನ್ನನ್ನು ನೋಡಿ ಯಾವ ಕಿವುಡ ಮಗುವೂ ತುಟಿ ಓದಲಾರದು. ಇವೆಲ್ಲ ಪತ್ರಿಕೆಯ ಐದನೆಯ ಘಟಕದಲ್ಲಿ ಬರೆದಿರಬಹುದು. ಕೈಗೆ ಬರುವುದು ತರಗತಿಯಲ್ಲಿ ಮಾತ್ರ.

ಅಂಕದ ಪ್ರಶ್ನೆ ಬಂದೇ ಬರುತ್ತದೆ. ಹುಬ್ಬಳ್ಳಿಯ ಅಧ್ಯಾಪಕಿ ಪಾಠ ನೋಡಿ ಅಭಿಪ್ರಾಯ ಹೇಳುತ್ತಾರೆ, ಅಂಕ ಮಾತ್ರ ನೀವೇ ಹಾಕುತ್ತೀರಿ ಎಂದಾದರೆ ಅವರ ಮಾತನ್ನು ಯಾರೂ ಕೇಳುವುದಿಲ್ಲ. ಆಂತರಿಕ ಅಂಕದ ಒಂದು ಪಾಲು ಅವರ ಕೈಯಲ್ಲಿರಲಿ, ಅದಕ್ಕೆ ವಿಶ್ವವಿದ್ಯಾಲಯದ ಅನುಮತಿ ಬೇಕಾದರೆ ಪತ್ರ ಬರೆಯಿರಿ. ಮತ್ತೊಬ್ಬರನ್ನು ಮರೆಯಬೇಡಿ: ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯ ವ್ಯಾಪ್ತಿಯಲ್ಲಿ ಕೆಲಸ ಮಾಡುವ ಬಿಐಇಆರ್‌ಟಿಗಳು, ಅಂದರೆ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು. ಯಾವ ಹಳ್ಳಿಯ ಯಾವ ಮನೆಯಲ್ಲಿ ಶಾಲೆಗೆ ಬರಲಾಗದ ಮಗುವಿದೆ ಎಂದು ನಮ್ಮ ಯಾವ ಪ್ರೊಫೆಸರರಿಗೂ ತಿಳಿದಿರುವುದಿಲ್ಲ, ಅವರಿಗೆ ತಿಳಿದಿರುತ್ತದೆ.

ಬೇರೆ ಕಡೆಯ ಉದಾಹರಣೆ ಕೇಳಿದ್ದೀರಿ. ಅಮೆರಿಕದ ಫ್ಲೋರಿಡಾ ವಿಶ್ವವಿದ್ಯಾಲಯದ ಸೀಡಾರ್ ಕೇಂದ್ರ ರಾಜ್ಯಗಳ ಶಿಕ್ಷಣ ಇಲಾಖೆಗಳನ್ನೂ ಶಿಕ್ಷಕರ ಕಾಲೇಜುಗಳನ್ನೂ ಕೂಡಿಸಿ ಕೆಲಸ ಮಾಡಿತು. ಅದು ಕೌನ್ಸಿಲ್ ಫಾರ್ ಎಕ್ಸೆಪ್ಷನಲ್ ಚಿಲ್ಡ್ರನ್ ಎಂಬ ವಿಶೇಷ ಶಿಕ್ಷಣದ ಸಂಸ್ಥೆಯೊಂದಿಗೆ ಸೇರಿ 2017ರಲ್ಲಿ, ವಿಶೇಷ ಶಿಕ್ಷಕರಿಗೆ ಮಾಡಲು ಬರಲೇಬೇಕಾದ 22 ಬೋಧನಾ ಕ್ರಮಗಳನ್ನು ಪಟ್ಟಿ ಮಾಡಿತು. ನನಗೆ ಅದರಲ್ಲಿ ಹಿಡಿಸಿದ್ದು ಹೊಸ ಶಿಕ್ಷಕರು ಏನು ಓದಿರಬೇಕು ಎನ್ನುವುದನ್ನು ಬಿಟ್ಟು ಏನು ಮಾಡಬಲ್ಲವರಾಗಿರಬೇಕು ಎಂದು ಕೇಳಿದ್ದು. ನಿಮಗೆ ಮೊದಲ ವರ್ಷ 22 ಬೇಡ, ಐದು ಸಾಕು. ಆದರೆ ಆ ಐದನ್ನು ಮೂರು ಕಾಲೇಜುಗಳೂ ಒಪ್ಪಿರಬೇಕು.

ಇನ್ನೊಂದು. ನೀವು ಗದಗದವರು, ವೀರೇಶ್ವರ ಪುಣ್ಯಾಶ್ರಮದ ಊರಿನವರು. ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಕಣ್ಣು ಕಾಣದವರಾಗಿದ್ದುಕೊಂಡೇ ಗುರುಗಳಾದರು. ಹೀಗಿದ್ದೂ ನಮ್ಮ ಬಿ.ಇಡಿ ಕಾಲೇಜುಗಳಲ್ಲಿ ಅಂಗವೈಕಲ್ಯವುಳ್ಳವರು ಪಾಠದ ವಿಷಯವಾಗಿ ಬರುತ್ತಾರೆಯೇ ಹೊರತು ಪಾಠ ಹೇಳುವವರಾಗಿ ಬರುವುದು ಅಪರೂಪ. ನಿಮ್ಮ ಸಂಪನ್ಮೂಲ ವ್ಯಕ್ತಿಗಳ ಪಟ್ಟಿಯಲ್ಲಿ ಒಬ್ಬ ಅಂಧ ಶಿಕ್ಷಕರ ಹೆಸರನ್ನು ಮೊದಲು ಬರೆಯಿರಿ.

ಪ್ರಶ್ನೆ: ಕಾಲೇಜುಗಳು ಪ್ರವೇಶಕ್ಕಾಗಿ ಪೈಪೋಟಿ ನಡೆಸುತ್ತಿರುವಾಗ ಒಂದಕ್ಕೊಂದು ಯಾಕೆ ಸಹಕರಿಸುತ್ತವೆ? – ಧಾರವಾಡದ ಓದುಗರು

ಉತ್ತರ: ಪೈಪೋಟಿ ಇರುವುದು ಜಾಹೀರಾತಿನಲ್ಲಿ. ಸಮನ್ವಯ ಶಿಕ್ಷಣದ ಒಳ್ಳೆಯ ಪಾಠ ನಮ್ಮಲ್ಲಿದೆ ಎಂದು ಯಾವ ಕಾಲೇಜೂ ಬ್ಯಾನರ್ ಕಟ್ಟಿದ್ದನ್ನು ನಾನು ನೋಡಿಲ್ಲ, ಆದ್ದರಿಂದ ಹಂಚಿಕೊಂಡರೆ ಯಾರಿಗೂ ನಷ್ಟವಿಲ್ಲ.

ಪ್ರಶ್ನೆ: ಮೇಡಂ, ನಾನು ಹಾವೇರಿಯಲ್ಲಿ ಸಾಮಾನ್ಯ ಬಿ.ಇಡಿ ಎರಡನೆಯ ವರ್ಷ ಓದುತ್ತಿದ್ದೇನೆ. ಇದರ ಮೇಲೆ ವಿಶೇಷ ಶಿಕ್ಷಕಿಯಾಗಬಹುದೇ?

ಉತ್ತರ: ಇಲ್ಲ ತಂಗಿ. ಅದಕ್ಕೆ ಭಾರತೀಯ ಪುನರ್ವಸತಿ ಪರಿಷತ್ತು, ಅಂದರೆ ಆರ್‌ಸಿಐ ಮಾನ್ಯ ಮಾಡಿದ ಕೋರ್ಸ್ ಮುಗಿಸಬೇಕು, ಅಲ್ಲಿ ಹೆಸರು ನೋಂದಾಯಿಸಬೇಕು. ಶುಲ್ಕ ಕಟ್ಟುವ ಮೊದಲು ಆ ಕಾಲೇಜಿಗೆ ನೀನು ಸೇರುವ ವರ್ಷದ ಅನುಮೋದನೆ ಇದೆಯೇ ಎಂದು ಆರ್‌ಸಿಐ ಜಾಲತಾಣದಲ್ಲಿ ನೋಡು. ಏಜೆಂಟರ ಮಾತು ನಂಬಬೇಡ. ಸಾಮಾನ್ಯ ಶಿಕ್ಷಕರನ್ನು ಎನ್‌ಸಿಟಿಇ, ವಿಶೇಷ ಶಿಕ್ಷಕರನ್ನು ಆರ್‌ಸಿಐ ಎಂದು ಎರಡು ಮನೆಗಳಾಗಿರುವುದೇ ಅರ್ಧ ತಾಪತ್ರಯಕ್ಕೆ ಮೂಲ. ಎರಡರ ಪಠ್ಯಕ್ರಮಗಳ ನಡುವೆ ಹೊಂದಾಣಿಕೆ ಇರಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಹೇಳಿದೆ.

ಕೆಲಸದ ಚಿಂತೆ ಇದ್ದರೆ ಇದನ್ನೂ ತಿಳಿದಿರು: ಸುಪ್ರೀಂ ಕೋರ್ಟ್ 2021ರ ಅಕ್ಟೋಬರ್‌ನಲ್ಲಿ ಪ್ರಾಥಮಿಕ ಹಂತದಲ್ಲಿ ಹತ್ತು ವಿಶೇಷ ಅಗತ್ಯದ ಮಕ್ಕಳಿಗೆ ಒಬ್ಬರು, ಅದರ ಮೇಲಿನ ಹಂತದಲ್ಲಿ ಹದಿನೈದಕ್ಕೆ ಒಬ್ಬರು ವಿಶೇಷ ಶಿಕ್ಷಕರಿರಬೇಕೆಂದು ಹೇಳಿತು. ಹುದ್ದೆಗಳನ್ನು ಗುರುತಿಸಿ ತುಂಬುವಂತೆ 2025ರ ಮಾರ್ಚ್‌ನಲ್ಲಿ ರಾಜ್ಯಗಳಿಗೆ ಮತ್ತೆ ಸೂಚಿಸಿತು. ನೇಮಕಾತಿ ಎಷ್ಟು ಬೇಗ ಆಗುತ್ತದೆ ಎಂಬ ಬಗ್ಗೆ ನಾನು ಭರವಸೆ ಕೊಡುವುದಿಲ್ಲ.

ಪ್ರಶ್ನೆ: ಮಗನಿಗೆ ಎಂಟು ವರ್ಷ, ಶ್ರವಣಯಂತ್ರ ಹಾಕುತ್ತಾನೆ. ಮನೆ ಹತ್ತಿರದ ಶಾಲೆಯವರು 'ನಮಗೆ ತರಬೇತಿ ಇಲ್ಲ, ವಿಶೇಷ ಶಾಲೆಗೆ ಸೇರಿಸಿ' ಎನ್ನುತ್ತಿದ್ದಾರೆ. ಏನು ಮಾಡಲಿ? – ಹುಬ್ಬಳ್ಳಿಯ ತಾಯಿ

ಉತ್ತರ: ಅಕ್ಕಾ, ತರಬೇತಿ ಇಲ್ಲ ಎಂಬುದು ನಿಜವಿರಬಹುದು, ಆದರೆ ಅದು ನಿಮ್ಮ ಮಗನನ್ನು ಹೊರಗೆ ಕಳಿಸಲು ಕಾರಣವಾಗದು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 31ನೆಯ ಕಲಂ ಪ್ರಕಾರ ಶೇ 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯವಿರುವ 6ರಿಂದ 18 ವರ್ಷದ ಮಗುವಿಗೆ ನೆರೆಯ ಶಾಲೆಯಲ್ಲಾಗಲಿ ವಿಶೇಷ ಶಾಲೆಯಲ್ಲಾಗಲಿ ಉಚಿತವಾಗಿ ಓದುವ ಹಕ್ಕಿದೆ. ಆಯ್ಕೆ ಶಾಲೆಯದಲ್ಲ. ಅಂಗವೈಕಲ್ಯದ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಇನ್ನೂ ಮಾಡಿಸಿರದಿದ್ದರೆ ಮಾಡಿಸಿ. ಮುಖ್ಯಶಿಕ್ಷಕರು ಹೇಳಿದ್ದನ್ನು ಬರವಣಿಗೆಯಲ್ಲಿ ಕೇಳಿ. ಬರೆದುಕೊಡಿ ಎಂದ ಕೂಡಲೇ ಬಹಳ ಜನರ ಧ್ವನಿ ಬದಲಾಗುತ್ತದೆ. ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ ಹೋಗಿ ಬಿಐಇಆರ್‌ಟಿ ಅವರನ್ನು ಶಾಲೆಗೆ ಕಳಿಸಿಕೊಡಿ ಎಂದು ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ. ಯಂತ್ರದ ಬ್ಯಾಟರಿ ಬದಲಿಸುವುದು ಹೇಗೆಂದು ತರಗತಿಯ ಶಿಕ್ಷಕಿಗೆ ನೀವೇ ತೋರಿಸಿಕೊಟ್ಟು, ಒಂದು ಜೊತೆ ಬ್ಯಾಟರಿಯನ್ನು ಅವರ ಮೇಜಿನ ಡ್ರಾದಲ್ಲಿ ಇಟ್ಟು ಬನ್ನಿ.